ಹೂಂ ಅನ್ನುವ ಮೊದಲು ಬರೆಯುವ ಲೆಕ್ಕ

ಆದಿತ್ಯನಗರ,
ಸೇಡಂ ತಾಲೂಕು

ಚಿ. ಮೊಮ್ಮಗಳೇ,

ದಾಲ್ ಮಿಲ್ಲಿಗೆ, ಬಣ್ಣ ನೋಡಿ ಬೇಳೆ ಆರಿಸುವ ಸಾರ್ಟೆಕ್ಸ್ ಮಷೀನ್ ತರಬೇಕೆಂದು ನೀನು ಕಳಿಸಿದ ಲೆಕ್ಕ ನೋಡಿದೆ. 10 ಲಕ್ಷ ಹಾಕಿದರೆ ವರ್ಷಕ್ಕೆ 3 ಲಕ್ಷ ಉಳಿಯುತ್ತದೆ, ಐದು ವರ್ಷಕ್ಕೆ 15 ಲಕ್ಷ, ಹಾಗಾಗಿ 5 ಲಕ್ಷ ಲಾಭ. ಕೂಡಿಸಿದ್ದರಲ್ಲಿ ತಪ್ಪಿಲ್ಲ. ಆದರೆ ಅವ್ವಿ, ಅಷ್ಟೂ ಅಂಕಿಗಳಲ್ಲಿ ಒಂದಾದರೂ ‘ಬೇಡ’ ಅನ್ನಬೇಕಿತ್ತಲ್ಲ? ಮಷೀನ್ ತರುವುದನ್ನು ಮೊದಲು ಗಟ್ಟಿ ಮಾಡಿಕೊಂಡು, ಆಮೇಲೆ ಅಪ್ಪನನ್ನು ಒಪ್ಪಿಸಲು ಲೆಕ್ಕ ಬರೆದೆ ಅನ್ನಿಸಿತು. ಸಿಮೆಂಟ್ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲೇ ತಲೆ ಬೆಳ್ಳಗಾದವನಿಗೆ ಇದು ಬೇಗ ಕಾಣುತ್ತದೆ.

ನಮ್ಮ ಸೀಮೆಯಲ್ಲಿ ಇಷ್ಟೊಂದು ಸಿಮೆಂಟ್ ಕಾರ್ಖಾನೆಗಳು ಯಾಕೆ ಬಂದವು, ಯೋಚಿಸಿದ್ದೀಯಾ? ಸಿಮೆಂಟಿಗೆ ಮೂಲವಾದ ಕ್ಲಿಂಕರ್ ಒಂದು ಟನ್ ಆಗಬೇಕಾದರೆ ಸುಮಾರು ಒಂದೂವರೆ ಟನ್ ಸುಣ್ಣದಕಲ್ಲು ಬೇಕು. ಸುಟ್ಟಾಗ ಅದರ ತೂಕದ ಶೇ. 40ರಷ್ಟು ಅನಿಲವಾಗಿ ಹೋಗಿಬಿಡುತ್ತದೆ. ಗಾಳಿಗೆ ಹೋಗುವ ಭಾರಕ್ಕೆ ಬಾಡಿಗೆ ಕೊಡುವವರು ಯಾರು? ಅದಕ್ಕೇ ಕಲ್ಲು ಇದ್ದಲ್ಲಿಗೆ ಕಾರ್ಖಾನೆ ಬಂತು. ಕಲ್ಲಿದ್ದಲು ಹೊರಗಿನಿಂದ ರೈಲಿನಲ್ಲಿ ಬಂತು. ವಾಡಿ–ಸಿಕಂದರಾಬಾದ್ ಹಳಿ 1874ರಿಂದಲೇ ಇತ್ತು. ವಾಡಿ, ಸೇಡಂ, ಮಳಖೇಡಗಳ ಕಾರ್ಖಾನೆಗಳ ಹಿಂದೆ ಇರುವ ಲೆಕ್ಕ ಇದು.

ಆದರೆ ಅದೇ ಹಳಿಯ ಮೇಲಿನ ಕುರಕುಂಟಾವನ್ನೂ ನೋಡು. ಅಲ್ಲಿಯ ಸರಕಾರಿ ಸಿಮೆಂಟ್ ಕಾರ್ಖಾನೆ 1990ರ ದಶಕದ ಕೊನೆಗೆ ನಿಂತುಹೋಯಿತು. ಕಲ್ಲೂ ಇತ್ತು, ಹಳಿಯೂ ಇತ್ತು. ಒಳ್ಳೆಯ ಕಾರಣ ಒಂದಿದ್ದರೆ ಲೆಕ್ಕ ಪೂರ್ತಿಯಾಗುವುದಿಲ್ಲ.

ಈಗ ನಿನ್ನ ಲೆಕ್ಕಕ್ಕೆ ಬರೋಣ. ಬ್ಯಾಂಕಿನ ಸಾಲ ಶೇ. 12ರ ಬಡ್ಡಿಯದು ಅಂದುಕೊ. ಮುಂದಿನ ವರ್ಷದ ರೂಪಾಯಿಗೆ ಇಂದಿನ ರೂಪಾಯಿಯ ಬೆಲೆ ಇಲ್ಲ. ಐದು ವರ್ಷದ ಮೂರು ಮೂರು ಲಕ್ಷವನ್ನು ಆ ಬಡ್ಡಿಯಲ್ಲಿ ಇಂದಿನ ಬೆಲೆಗೆ ಇಳಿಸಿದರೆ 15 ಲಕ್ಷವಲ್ಲ, ಸುಮಾರು 10.8 ಲಕ್ಷ. 5 ಲಕ್ಷ ಲಾಭ 80 ಸಾವಿರಕ್ಕೆ ಬಂತು. ಉಳಿತಾಯ ಮೂರರ ಬದಲು ಎರಡೂವರೆ ಲಕ್ಷವಾದರೆ 9 ಲಕ್ಷ ಮಾತ್ರ; ಲಕ್ಷದ ಹತ್ತಿರ ಕೈಯಿಂದ ಹೋಗುತ್ತದೆ. ಅರ್ಧ ಲಕ್ಷ ಕಡಿಮೆಯಾಗುವುದು ದೊಡ್ಡ ಮಾತೇ? 2022ರಲ್ಲಿ ನೆಟೆರೋಗಕ್ಕೆ ನಮ್ಮ ಕಲಬುರಗಿ ಜಿಲ್ಲೆಯ ತೊಗರಿ ಒಣಗಿ ನಿಂತದ್ದನ್ನು ನೆನೆ. ಅಂಥ ವರ್ಷ ಮಷೀನ್ ಸುಮ್ಮನೆ ಕೂತರೂ ಕಂತು ಸುಮ್ಮನೆ ಕೂರುವುದಿಲ್ಲ.

ಬೇಳೆಗೆ ದರ ಏರುತ್ತದೆ ಎಂದು ಬರೆದಿದ್ದೀ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಸಿಕ್ಕಿದೆ. ಆ ಹೆಸರಿನಿಂದ ಬರುವ ದರ ಮಷೀನ್ ಇಲ್ಲದೆಯೂ ಬರುವಂಥದ್ದು. ಅದನ್ನು ಮಷೀನಿನ ಖಾತೆಗೆ ಜಮಾ ಮಾಡಬೇಡ. ಮಷೀನ್ ತಂದರೆ ಏನು, ತರದಿದ್ದರೆ ಏನು ಎಂಬ ಎರಡರ ಅಂತರವಷ್ಟೇ ಅದರ ಗಳಿಕೆ. ಬೇರೆ ಮಿಲ್ಲಿನಲ್ಲಿ ಕೂಲಿ ಕೊಟ್ಟು ಬೇಳೆ ಆರಿಸಿಕೊಂಡು ಬಂದರೆ ಎಷ್ಟು ಬೀಳುತ್ತದೆ ಎಂಬ ಸಾಲು ನಿನ್ನ ಹಾಳೆಯಲ್ಲಿ ಇಲ್ಲವೇ ಇಲ್ಲ. ಮಷೀನಿನವನಿಗೆ ಕೊಟ್ಟ ಮುಂಗಡವನ್ನು ಮಾತ್ರ ಬರೆದಿದ್ದೀ. ವಾಪಸ್ ಬರುವುದಿಲ್ಲ ಎಂದಮೇಲೆ ಅದು ಹೋದ ಹಣ. ಅದನ್ನು ಉಳಿಸಲು ಇನ್ನಷ್ಟು ಸುರಿಯುವುದು ವ್ಯಾಪಾರವಲ್ಲ.

ಕೊನೆಯ ಮಾತು ನನಗೆ ಎಲ್ಲಕ್ಕಿಂತ ಮುಖ್ಯ. 1936ರಲ್ಲಿ ಅಮೆರಿಕ ಪ್ರವಾಹ ತಡೆಯುವ ಕಾಯ್ದೆ ತಂದಾಗ, ಲಾಭ ಯಾರಿಗೇ ಆಗಲಿ, ಒಟ್ಟು ವೆಚ್ಚಕ್ಕಿಂತ ಹೆಚ್ಚಿರಬೇಕು ಎಂಬ ನಿಯಮ ಇಟ್ಟಿತು. ಲಾಭ ಯಾರಿಗೇ ಆಗಲಿ ಅಂದಮೇಲೆ ನಷ್ಟ ಯಾರಿಗೇ ಆಗಲಿ, ಅದನ್ನೂ ಎಣಿಸಬೇಕಲ್ಲ. ಕ್ವಾರಿಯ ಧೂಳು ಪಕ್ಕದ ಹೊಲದ ತೊಗರಿ ಮೇಲೆ ಕೂತರೆ ಆ ವೆಚ್ಚ ಕ್ವಾರಿಯ ಪುಸ್ತಕದಲ್ಲಿ ಕಾಣುವುದಿಲ್ಲ, ರೈತನ ರಾಶಿಯಲ್ಲಿ ಕಾಣುತ್ತದೆ. ನಿನ್ನ ಹಾಳೆಯಲ್ಲಿ ‘ಕೂಲಿ ಉಳಿತಾಯ’ ಎಂದಿರುವುದು, ಬೇಳೆ ಆರಿಸುವ ಹೆಣ್ಣುಮಕ್ಕಳ ಸಂಬಳ. ನಿನಗೆ ಉಳಿದದ್ದು ಅವರಿಗೆ ತಪ್ಪಿದ್ದು. ಮಷೀನ್ ತರಬೇಡ ಅನ್ನುತ್ತಿಲ್ಲ. ಅವರಲ್ಲಿ ಯಾರಿಗೆ ಪ್ಯಾಕಿಂಗ್ ಕೆಲಸ ಕೊಡಬಹುದು, ಅದಕ್ಕೆ ಎಷ್ಟು ಖರ್ಚು ಎಂಬ ಸಾಲನ್ನೂ ಬರೆ. ಆಗಲೂ ಲಾಭ ನಿಂತರೆ ಧೈರ್ಯವಾಗಿ ತಾ.

ಮತ್ತೊಮ್ಮೆ ಲೆಕ್ಕ ಹಾಕುವಾಗ ಮೊದಲು ಹಾಳೆಯ ತಲೆಯ ಮೇಲೆ ಒಂದು ಸಾಲು ಬರೆ: ಯಾವ ಅಂಕಿ ಎಷ್ಟಕ್ಕೆ ಇಳಿದರೆ ನಾನು ಈ ಮಷೀನ್ ಬಿಡುತ್ತೇನೆ. ಆ ಸಾಲು ಬರೆಯಲು ಕೈ ಏಳದಿದ್ದರೆ ಲೆಕ್ಕದ ಗೋಜಿಗೇ ಹೋಗಬೇಡ. ಮಷೀನ್ ಆಸೆಯಾಗಿದೆ ಎಂದು ಅಪ್ಪನಿಗೆ ನೇರ ಹೇಳು. ಅದು ಹೆಚ್ಚು ಪ್ರಾಮಾಣಿಕ.



ನಿನ್ನ ಮುತ್ಯಾ