ಮಳೆ ಬಿದ್ದದ್ದು ಬೇರೆಡೆ



ಮೊನ್ನೆ ನಮ್ಮ ಬಳಗದ ಗ್ರೂಪಿಗೆ ಒಂದು ಫೋಟೊ ಬಂತು. ಕೆಂಪು ಕಲ್ಲಿನ ಕಿರಿದಾದ ಸಂದಿ, ಮೇಲಿನಿಂದ ಕೋಲಿನಂತೆ ಇಳಿದ ಬಿಸಿಲು. ಅಮೆರಿಕದ ಅರಿಜೋನಾ ರಾಜ್ಯದಲ್ಲಿ, ಪೇಜ್ ಎಂಬ ಊರಿನ ಹತ್ತಿರ ಇರುವ ಆಂಟಿಲೋಪ್ ಕ್ಯಾನ್ಯನ್. ಅದರ ಕೆಳಗೆ ತಂಗಿಯೊಬ್ಬರು ಕೇಳಿದ್ದರು: "ಅದು ನವಾಹೋ ಆದಿವಾಸಿಗಳ ಜಾಗವಂತೆ. ಅವರ ಗೈಡ್ ಜೊತೆಗಿಲ್ಲದೆ ಯಾರನ್ನೂ ಒಳಗೆ ಬಿಡುವುದಿಲ್ಲವಂತೆ. ಅಣ್ಣಾ, ನಮ್ಮನ್ನು ಕೆರೆಗೆ ಬಿಡದಿದ್ದ ಹಾಗೇ ಅಲ್ಲವಾ ಇದು?" ಕೈಮುಗಿದ ಚಿತ್ರ ಹಾಕಿ ಮುಂದೆ ಹೋಗುವ ಪ್ರಶ್ನೆ ಇದಲ್ಲ. ಇಂದಿನ ಚಿಂತನೆಗೆ ಅದನ್ನೇ ತೆಗೆದುಕೊಳ್ಳೋಣ.

ಮೊದಲು ಆ ಜಾಗ ಹೇಗಾಯಿತು ನೋಡೋಣ. ಅಲ್ಲಿನ ಕಲ್ಲು ಡೈನೊಸಾರ್‌ಗಳ ಕಾಲದಲ್ಲಿ, ಸುಮಾರು 19 ಕೋಟಿ ವರ್ಷಗಳ ಹಿಂದೆ, ಗಾಳಿಗೆ ಹಾರಾಡುತ್ತಿದ್ದ ಮರಳು ದಿಬ್ಬ. ಮರಳು ಗಟ್ಟಿಯಾಗಿ ಕಲ್ಲಾಯಿತು. ಮಳೆಗಾಲದಲ್ಲಿ ನುಗ್ಗಿಬಂದ ನೀರು ಅದೇ ಕಲ್ಲನ್ನು ಉಜ್ಜಿ ಉಜ್ಜಿ ಮತ್ತೆ ಮರಳು ಮಾಡಿ ಒಯ್ಯುತ್ತಿದೆ. ಮೇಲಿನ ಕಣಿವೆಗೆ ನವಾಹೋ ಭಾಷೆಯಲ್ಲಿರುವ ಹೆಸರಿನ ಅರ್ಥ 'ಬಂಡೆಯ ನಡುವೆ ನೀರು ಹರಿಯುವ ಜಾಗ' ಎಂದು. ಗೋಡೆಗಳು ಸುಮಾರು 120 ಅಡಿ ಎತ್ತರ. ಕೆಲವು ಕಡೆ ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ. ಬೇಸಿಗೆಯ ತಿಂಗಳುಗಳಲ್ಲಿ ನಡುಮಧ್ಯಾಹ್ನ ಮಾತ್ರ ಬಿಸಿಲಿನ ಕೋಲು ನೆಲ ಮುಟ್ಟುತ್ತದೆ. ಅನಿತ್ಯ ಎಂಬ ಪಾಠಕ್ಕೆ ಇಷ್ಟು ಸಾಕು.

ಆದರೆ ಈ ಕಣಿವೆ ಕಲಿಸುವ ಇನ್ನೊಂದು ಪಾಠ ಕಠಿಣವಾದದ್ದು. 1997ರ ಆಗಸ್ಟ್ 12ರಂದು ಕೆಳಗಿನ ಕಣಿವೆಯಲ್ಲಿ ಪ್ರವಾಸಿಗರು ಇಳಿದು ನೋಡುತ್ತಿದ್ದರು. ಅಲ್ಲಿ ಹೇಳಿಕೊಳ್ಳುವಂಥ ಮಳೆ ಇರಲಿಲ್ಲ. ಕೆಲವು ಮೈಲಿ ಮೇಲೆ, ಅವರ ಕಣ್ಣಿಗೆ ಕಾಣದ ಕಡೆ, ಗುಡುಗಿನ ಮಳೆ ಜೋರಾಗಿ ಸುರಿದಿತ್ತು. ಆ ನೀರೆಲ್ಲ ಒಟ್ಟಾಗಿ ಈ ಇಕ್ಕಟ್ಟಿನ ಸಂದಿಗೆ ನುಗ್ಗಿತು. 11 ಪ್ರವಾಸಿಗರು ತೀರಿಕೊಂಡರು. ಜೊತೆಗಿದ್ದ ಗೈಡ್ ಒಬ್ಬರು ಬದುಕುಳಿದರು. ಅಂದು ಇದ್ದ ಮರದ ಏಣಿಗಳು ಕೊಚ್ಚಿಹೋದವು. ಈಗ ಬಂಡೆಗೆ ಬಿಗಿದ ಲೋಹದ ಮೆಟ್ಟಿಲುಗಳಿವೆ. ಮಳೆಯ ಸೂಚನೆ ಕಂಡರೆ ಕಣಿವೆ ಮುಚ್ಚುತ್ತಾರೆ.

ಇಂಥ ಸುದ್ದಿ ಕೇಳಿದರೆ ನಮ್ಮ ಮನೆಗಳಲ್ಲಿ ಇಂದಿಗೂ ಬಾಯಿಗೆ ಬರುವ ಮಾತು 'ಹಣೆಬರಹ'. ದೀಕ್ಷೆ ತೆಗೆದುಕೊಂಡ ಮನೆಗಳಲ್ಲೂ ಬರುತ್ತದೆ, ನನ್ನ ಬಾಯಲ್ಲೂ ಬಂದಿದೆ. 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಇದನ್ನು ನೇರವಾಗಿ ತೆಗೆದುಕೊಳ್ಳುತ್ತಾರೆ. ಪ್ರತಿ ಘಟನೆಗೂ ಕಾರಣವಿದೆ, ಆ ಕಾರಣ ಮನುಷ್ಯನ ಕೆಲಸ ಇಲ್ಲವೇ ಪ್ರಕೃತಿಯ ನಿಯಮ, ಅದಕ್ಕೆ ಆಚೆಗಿನದನ್ನು ನಂಬುವುದು ಧಮ್ಮವಲ್ಲ ಎಂಬುದು ಅಲ್ಲಿನ ವಿವರಣೆಯ ಸಾರ. ಪಟಿಚ್ಚ ಸಮುಪ್ಪಾದ ಅಂದರೂ ಇದೇ. ಇದು ಇರುವುದರಿಂದ ಅದು ಆಗುತ್ತದೆ. ಕಾರಣ ಕಾಲ ಬುಡದಲ್ಲಿ ಕಾಣದಿದ್ದರೆ ಮೇಲಕ್ಕೆ ಹೋಗಿ ಹುಡುಕಬೇಕು.

ಈಗ ತಂಗಿಯ ಪ್ರಶ್ನೆಗೆ ಬರೋಣ. ಬಾಗಿಲು ಮುಚ್ಚಿರುವುದಷ್ಟೇ ಕಂಡರೆ ಎರಡೂ ಒಂದೇ ಅನ್ನಿಸುತ್ತದೆ. ಬಾಗಿಲ ಹಿಂದಿನ ಕಾರಣ ನೋಡಿ.

ಮಹಾಡಿನ ಚೌದಾರ್ ಕೆರೆ ಸಾರ್ವಜನಿಕ ಕೆರೆ. 1923ರಲ್ಲಿ ಬೊಂಬಾಯಿ ಶಾಸನ ಸಭೆಯ ನಿರ್ಣಯ ಆಯಿತು, ಮರುವರ್ಷ ಮಹಾಡ್ ಪುರಸಭೆಯೂ ಕೆರೆ ಎಲ್ಲರಿಗೂ ತೆರೆದಿದೆ ಎಂದು ನಿರ್ಣಯ ಮಾಡಿತು. ಆದರೂ ದನಕರು ಕುಡಿಯುವ ನೀರನ್ನು ನಮ್ಮವರು ಮುಟ್ಟುವಂತಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಆ ನೀರು ಕುಡಿದರು. ಅಲ್ಲಿ ತಡೆದದ್ದು ಹುಟ್ಟನ್ನು ನೋಡಿ.

ನವಾಹೋ ಜನ ತಮ್ಮನ್ನು 'ದಿನೆ' ಎಂದು ಕರೆದುಕೊಳ್ಳುತ್ತಾರೆ, 'ಜನ' ಎಂದರ್ಥ. ಅಮೆರಿಕದ ಸೈನ್ಯ ಅವರ ಹೊಲ ಸುಟ್ಟು, ಪೀಚ್ ಮರಗಳನ್ನು ಕಡಿದು, 1864ರಲ್ಲಿ ಸಾವಿರಾರು ಜನರನ್ನು 300 ಮೈಲಿಗೂ ಹೆಚ್ಚು ದೂರ ನಡೆಸಿ ನ್ಯೂ ಮೆಕ್ಸಿಕೋದ ಬೋಸ್ಕೆ ರೆಡೊಂಡೋದಲ್ಲಿ ಕೂಡಿಹಾಕಿತು. ಅಲ್ಲಿನ ನದಿಯ ನೀರು ಚೌಳು, ಕುಡಿದವರಿಗೆ ಭೇದಿ. ವಯಸ್ಸಾದವರು, ಮಕ್ಕಳು ದಾರಿಯಲ್ಲೂ ಸತ್ತರು, ಅಲ್ಲಿಯೂ ಸತ್ತರು. 1868ರ ಜೂನ್ 1ರಂದು ಒಪ್ಪಂದವಾಗಿ ಉಳಿದವರು ತಮ್ಮ ನೆಲದ ಒಂದು ಭಾಗಕ್ಕೆ ಮರಳಿದರು. ಆಮೇಲೆ ಅವರ ನೆಲದ ಗಡಿ ಹಂತಹಂತವಾಗಿ ವಿಸ್ತಾರವಾಯಿತು. ಹೀಗೆ ಎಲ್ಲವನ್ನೂ ಕಳೆದುಕೊಂಡು ಮರಳಿ ಪಡೆದವರು ಇಂದು ಬಾಗಿಲಲ್ಲಿ ನಿಂತಿದ್ದಾರೆ. ಬರುವವರ ಜಾತಿ, ಬಣ್ಣ ಕೇಳುವುದಿಲ್ಲ. ಬಿಳಿಯರಿಗೂ ನಮಗೂ ಒಂದೇ ಟಿಕೆಟ್, ಒಂದೇ ನಿಯಮ. ಮೇಲೆ ಮಳೆಯಾದರೆ ಏನಾಗುತ್ತದೆಂದು ಬಲ್ಲವರು ಜೊತೆಗಿರುವುದೂ ಒಳ್ಳೆಯದೇ.

ಅವರ ಹಿರಿಯರಿಗೆ ಆ ಕಣಿವೆ ಪವಿತ್ರ, ಒಳಹೋಗುವ ಮೊದಲು ಒಂದು ಕ್ಷಣ ನಿಲ್ಲುತ್ತಾರೆ. ನಾವು ಹಾಗೆ ನಂಬಬೇಕಿಲ್ಲ. ಆದರೆ ಹೋದವರು ದನಿ ತಗ್ಗಿಸಿ ನಡೆದರೆ ನಮ್ಮದೇನೂ ಕಳೆಯುವುದಿಲ್ಲ.

ತಂಗಿ, ನಿಮ್ಮ ಮಾತಿನಲ್ಲಿ ಒಂದು ನಿಜ ಮಾತ್ರ ಉಳಿಯುತ್ತದೆ. ಮಹಾಡಿಗೂ ಅಲ್ಲಿಗೂ ಹೋಲಿಕೆ ಇದೆ, ಆದರೆ ಬಾಗಿಲಿನಲ್ಲಲ್ಲ, ನೀರಿನಲ್ಲಿ. ನವಾಹೋ ನಾಡಿನಲ್ಲಿ ನೂರಕ್ಕೆ ಸುಮಾರು 30 ಮನೆಗಳಿಗೆ ಇಂದಿಗೂ ನಲ್ಲಿ ನೀರಿಲ್ಲ, ಗಾಡಿಯಲ್ಲಿ ಡ್ರಮ್ ಇಟ್ಟು ದೂರದಿಂದ ತುಂಬಿ ತರುತ್ತಾರೆ. 1868ರ ಒಪ್ಪಂದವನ್ನು ಮುಂದಿಟ್ಟು ನೀರಿಗಾಗಿ ನ್ಯಾಯಾಲಯಕ್ಕೆ ಹೋದರು. ನೀರು ಒದಗಿಸಲು ಕ್ರಮ ಕೈಗೊಳ್ಳಬೇಕೆಂದು ಆ ಒಪ್ಪಂದ ಸರ್ಕಾರವನ್ನು ಕಟ್ಟಿಹಾಕುವುದಿಲ್ಲ ಎಂದು 2023ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರು ಹಾಗೆ ಹೇಳಿದರು, ನಾಲ್ವರು ಒಪ್ಪಲಿಲ್ಲ.

ಭಾನುವಾರದ ಓದಿಗೆ 'ಬುದ್ಧ ಮತ್ತು ಆತನ ಧಮ್ಮ'ದ ಮೂರನೆಯ ಕಾಂಡ, 'ಯಾವುದು ಧಮ್ಮವಲ್ಲ' ಎಂಬ ಭಾಗ. ಪುಸ್ತಕ ಇದ್ದವರು ತನ್ನಿ. ಪ್ರಶ್ನೆ ಕೇಳಿದ ತಂಗಿಯೇ ಮೊದಲು ಓದಲಿ.

ಜೈ ಭೀಮ್. ನಮೋ ಬುದ್ಧಾಯ.