ಮೇವಿನ ಯಂತ್ರದ ಸ್ಟ್ಯಾಂಡ್ ಮತ್ತೆ ಮತ್ತೆ ಒಡೆಯುವುದೇಕೆ?

ಸಹೋದರಿಯರೇ, ನೇಪಿಯರ್ ಹುಲ್ಲು ಕತ್ತರಿಸುವ ನಿಮ್ಮ ಚಾಫ್ ಕಟ್ಟರಿನ ಸ್ಟ್ಯಾಂಡ್ ವೆಲ್ಡಿಂಗ್ ಮಾಡಿಸಿದ ಜಾಗದಲ್ಲೇ ಮತ್ತೆ ಬಿರುಕು ಬಿಟ್ಟಿದೆಯೇ? ವೆಲ್ಡಿಂಗಿನವರನ್ನು ಬೈಯುವ ಮೊದಲು ಯಂತ್ರ ಯಾಕೆ ನಡುಗುತ್ತದೆ ಎಂದು ನೋಡಿ. ನಡುಕ ಹೋಗದಿದ್ದರೆ ಎಷ್ಟು ಸಲ ಬೆಸೆದರೂ ಕಬ್ಬಿಣ ಒಡೆಯುತ್ತದೆ. ಓಡುವಾಗ ಸ್ಟ್ಯಾಂಡ್ ಮುರಿದು ಚಕ್ರ ವಾಲಿದರೆ ಹುಲ್ಲು ಕೊಡುವ ಕೈಗೇ ಅಪಾಯ.

ಮೊದಲು ಪ್ಲಗ್ ಕಳಚಿ, ಬೆಲ್ಟ್ ತೆಗೆಯಿರಿ. ಗೇರ್ ಇದ್ದರೆ ನ್ಯೂಟ್ರಲ್‌ಗೆ ತನ್ನಿ. ಬ್ಲೇಡಿಗೆ ಬೆರಳು ತಾಗದಂತೆ ಚಕ್ರವನ್ನು ಮೆಲ್ಲನೆ ತಿರುಗಿಸಿ ಬಿಡಿ. ಪ್ರತಿ ಸಲವೂ ಒಂದೇ ಬದಿ ಕೆಳಗೆ ಬಂದು ನಿಂತರೆ ಆ ಬದಿಗೆ ತೂಕ ಹೆಚ್ಚು. ಒಂದೇ ಬ್ಲೇಡ್ ಬದಲಿಸಿದರೆ ಅಥವಾ ಒಂದಕ್ಕೇ ಹೆಚ್ಚು ಸಾಣೆ ಹಿಡಿದರೆ ಹೀಗಾಗುತ್ತದೆ. ಬ್ಲೇಡುಗಳನ್ನು ಬಿಚ್ಚಿ ತಕ್ಕಡಿಯಲ್ಲಿ ತೂಗಿ. ಬದಲಿಸುವುದಾದರೆ ಎಲ್ಲವನ್ನೂ ಒಟ್ಟಿಗೇ ಬದಲಿಸಿ. ಚಕ್ರ ಹಿಡಿದು ಅಲುಗಿಸಿದಾಗ ಕಟಕಟ ಎಂದರೆ ಬೇರಿಂಗ್ ಸವೆದಿದೆ.

ಪುಂಜಾಲಕಟ್ಟೆ ಕಡೆಯ ಹಟ್ಟಿಗಳಲ್ಲಿ ನೆಲ ಸಮವಿಲ್ಲದಿದ್ದರೆ ಸ್ಟ್ಯಾಂಡಿನ ಒಂದು ಕಾಲು ಗಾಳಿಯಲ್ಲೇ ಇರುತ್ತದೆ. ಅಡಿಗೆ ಅಡಿಕೆ ಮರದ ಚಕ್ಕೆ ಇಟ್ಟರೆ ನಾಲ್ಕು ದಿನವೂ ಬಾರದು. ಸಿಮೆಂಟ್ ಹಾಸಿಗೆ ಬೋಲ್ಟ್ ಹಾಕಿ ಬಿಗಿಸಿ.

ವೆಲ್ಡಿಂಗ್ ಆಮೇಲೆ. ಹಳೆಯ ಬೆಸುಗೆಯ ಮೇಲೆಯೇ ಹಾಕಿಸಬೇಡಿ. ಅದನ್ನು ಉಜ್ಜಿ ತೆಗೆಸಿ, ಬಿರುಕು ಮುಂದೆ ಓಡದಂತೆ ಅದರ ತುದಿಗೆ ಸಣ್ಣ ತೂತು ಕೊರೆಸಿ, ಮೂಲೆಗೆ ತ್ರಿಕೋನದ ದಪ್ಪ ಪ್ಲೇಟ್ ಕೂರಿಸಿ. ಅರ್ಥ್ ಕ್ಲಿಪ್ಪನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಸಿಕ್ಕಿಸಲು ಹೇಳಿ. ಚಕ್ರಕ್ಕೆ ಸಿಕ್ಕಿಸಿದರೆ ಕರೆಂಟು ಬೇರಿಂಗ್ ಮೂಲಕ ಹರಿದು ಅದೂ ಕೆಡುತ್ತದೆ.

ಕೆಲಸ ಮುಗಿದ ಮೇಲೆ ಮುಚ್ಚಳ ಹಾಕಿ, ಹುಲ್ಲು ಕೊಡದೆ ಐದು ನಿಮಿಷ ಓಡಿಸಿ. ಮತ್ತೆ ಪ್ಲಗ್ ಕಳಚಿ, ಚಕ್ರ ಪೂರ್ತಿ ನಿಂತ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಸಿ.