ಡೇಟಾಬೇಸಿನಲ್ಲಿ ಕನ್ನಡ ಅಕ್ಷರಗಳು ಕೆಟ್ಟಾಗ

ಹೊರನಾಡಿನ ಕನ್ನಡ ಸಂಘಗಳು ಮತ್ತು ಗ್ರಂಥಾಲಯಗಳಲ್ಲಿ ಸದಸ್ಯರ ಹೆಸರು, ಪುಸ್ತಕಗಳ ಪಟ್ಟಿ ಮುಂತಾದವು ಈಗ ಗಣಕಯಂತ್ರದ ಡೇಟಾಬೇಸಿನಲ್ಲಿರುವುದು ಸಾಮಾನ್ಯ. ಕನ್ನಡದಲ್ಲಿ ದಾಖಲಿಸಿದ ಹೆಸರು ಒಂದು ದಿನ ‘???’ ಎಂದೋ, ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿಯೋ ಕಾಣಿಸಿಕೊಂಡರೆ ಗಾಬರಿಯಾಗುವುದು ಸಹಜ. ಆದರೆ ಆತುರದ ದುರಸ್ತಿಯಿಂದ ಉಳಿದಿರುವ ಮಾಹಿತಿಯೂ ನಾಶವಾಗಬಹುದು. ದೋಷವು ಪರದೆಯಲ್ಲಿದೆಯೋ, ಸಂಪರ್ಕದಲ್ಲಿದೆಯೋ ಅಥವಾ ಸಂಗ್ರಹದಲ್ಲಿಯೇ ಇದೆಯೋ ಎಂಬುದನ್ನು ಮೊದಲು ನಿರ್ಧರಿಸಬೇಕು.

ಅಕ್ಷರಕ್ಕೊಂದು ಸಂಖ್ಯೆ

ಗಣಕಯಂತ್ರವು ಅಕ್ಷರಗಳನ್ನು ಸಂಖ್ಯೆಗಳ ರೂಪದಲ್ಲಿ ಇರಿಸಿಕೊಳ್ಳುತ್ತದೆ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬ ಒಪ್ಪಂದವೇ ಸಂಕೇತ ಪದ್ಧತಿ. ಭಾರತೀಯ ಲಿಪಿಗಳಿಗಾಗಿ ಭಾರತೀಯ ಮಾನಕ ಬ್ಯೂರೋ 1991ರಲ್ಲಿ ‘ಇಸ್ಕಿ’ ಮಾನಕವನ್ನು ಪ್ರಕಟಿಸಿತು. ಅದೇ ವರ್ಷ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೂ ಕನ್ನಡಕ್ಕೆ ಸ್ಥಾನ ದೊರೆಯಿತು. ಅದರಲ್ಲಿ 3200ರಿಂದ 3327ರವರೆಗಿನ 128 ಸ್ಥಾನಗಳು ಕನ್ನಡಕ್ಕೆ ಮೀಸಲಾಗಿವೆ. ‘ಕ’ ಅಕ್ಷರದ ಸಂಖ್ಯೆ 3221.

ಈ ಸಂಖ್ಯೆಯನ್ನು ಯುಟಿಎಫ್-8 ಪದ್ಧತಿಯಲ್ಲಿ ಬರೆದಿಡುವಾಗ ಅದು 224, 178, 149 ಎಂಬ ಮೂರು ಬೈಟುಗಳಾಗುತ್ತದೆ. ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟು ಬೇಕು. ಮೊದಲನೆಯದು ಯಾವಾಗಲೂ 224. ‘ಕಮಲ’ ಎಂಬ ಹೆಸರು ಒಂಬತ್ತು ಬೈಟುಗಳನ್ನು ಆಕ್ರಮಿಸುತ್ತದೆ.

ದೋಷ ಹುಟ್ಟುವ ಬಗೆ

ತಂತ್ರಾಂಶ, ಸಂಪರ್ಕ ಮತ್ತು ಡೇಟಾಬೇಸಿನ ಅಂಕಣ ಈ ಮೂರೂ ಒಂದೇ ಪದ್ಧತಿಯನ್ನು ಅನುಸರಿಸಬೇಕು. ಪಶ್ಚಿಮ ಯುರೋಪಿನ ಭಾಷೆಗಳಿಗೆಂದು ರೂಪಿಸಿದ ಲ್ಯಾಟಿನ್-1 ಪದ್ಧತಿಯಲ್ಲಿ ಒಂದು ಅಕ್ಷರಕ್ಕೆ ಒಂದೇ ಬೈಟು. ಕನ್ನಡಕ್ಕೆ ಅಲ್ಲಿ ಸ್ಥಳವಿಲ್ಲ. ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ, 2018ರಲ್ಲಿ ಬಂದ 8.0 ಆವೃತ್ತಿಗೆ ಮುಂಚೆ, ಬೇರೆ ಸೂಚನೆ ಇಲ್ಲದಿದ್ದರೆ ಈ ಪದ್ಧತಿಯೇ ಅನ್ವಯವಾಗುತ್ತಿತ್ತು. ಹಳೆಯ ಪಟ್ಟಿಗಳಲ್ಲಿ ತೊಂದರೆ ಹೆಚ್ಚಾಗಿ ಕಂಡುಬರಲು ಇದೊಂದು ಕಾರಣ.

ಸಂಪರ್ಕವು ಲ್ಯಾಟಿನ್-1 ಎಂದು ತಪ್ಪಾಗಿ ಘೋಷಿತವಾಗಿದ್ದರೆ, ‘ಕಮಲ’ದ ಒಂಬತ್ತು ಬೈಟುಗಳು ಒಂಬತ್ತು ಬೇರೆ ಬೇರೆ ಚಿಹ್ನೆಗಳೆಂದು ಪರಿಗಣಿತವಾಗುತ್ತವೆ. ಸಂಪರ್ಕ ಸರಿಯಿದ್ದು ಅಂಕಣ ಮಾತ್ರ ಲ್ಯಾಟಿನ್-1 ಆಗಿದ್ದರೆ, ಸ್ಥಳವಿಲ್ಲದ ಅಕ್ಷರಗಳನ್ನು ಡೇಟಾಬೇಸು ತಿರಸ್ಕರಿಸುತ್ತದೆ ಇಲ್ಲವೆ ಒಂದೊಂದರ ಬದಲಿಗೆ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಇರಿಸುತ್ತದೆ. ಬರಿಯ ಖಾಲಿ ಚೌಕಗಳು ಕಂಡರೆ ಸಾಮಾನ್ಯವಾಗಿ ಕನ್ನಡ ಫಾಂಟಿನ ಕೊರತೆಯೇ ಕಾರಣ, ಮಾಹಿತಿಗೆ ಧಕ್ಕೆಯಾಗಿರುವುದಿಲ್ಲ.

ಅನುಸರಿಸಬೇಕಾದ ಕ್ರಮ

1. ಹೊಸ ನಮೂದುಗಳನ್ನು ನಿಲ್ಲಿಸಿ, ಇಡೀ ಸಂಗ್ರಹದ ಪ್ರತಿಯೊಂದನ್ನು ತೆಗೆದಿರಿಸಬೇಕು. ದುರಸ್ತಿಯನ್ನು ಮೊದಲು ಆ ಪ್ರತಿಯ ಮೇಲೆಯೇ ಪರೀಕ್ಷಿಸಬೇಕು.

2. ಪರದೆಯನ್ನು ನಂಬದೆ, ಸಂಗ್ರಹದಲ್ಲಿರುವ ಬೈಟುಗಳನ್ನೇ ನೋಡಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ‘ಹೆಕ್ಸ್’ ಎಂಬ ಆದೇಶವು ಇವನ್ನು ಹದಿನಾರರ ಮಾನದಲ್ಲಿ ತೋರಿಸುತ್ತದೆ. ದಶಮಾನಕ್ಕೆ ಪರಿವರ್ತಿಸಿ ಓದಿಕೊಳ್ಳಬೇಕು.

3. ಮೊದಲ ಬೈಟು 224 ಆಗಿದ್ದು ಅಂಕಣವೂ ಯುಟಿಎಫ್-8 ಆಗಿದ್ದರೆ ಮಾಹಿತಿ ಸುರಕ್ಷಿತ. ಸಂಪರ್ಕವನ್ನು ಸರಿಪಡಿಸಿದರೆ ಸಾಕು. ಅಂಕಣ ಲ್ಯಾಟಿನ್-1 ಆಗಿದ್ದರೆ ಅದನ್ನು ಮೊದಲು ಬೈನರಿ ಬಗೆಗೆ, ಅನಂತರ ಯುಟಿಎಫ್-8ಕ್ಕೆ ಬದಲಾಯಿಸಬೇಕು. ನೇರವಾಗಿ ಬದಲಾಯಿಸಿದರೆ ದೋಷ ಇಮ್ಮಡಿಯಾಗುತ್ತದೆ.

4. ಮೊದಲ ಬೈಟು 195 ಆಗಿದ್ದರೆ ಕನ್ನಡವು ಎರಡು ಬಾರಿ ಪರಿವರ್ತನೆಗೊಂಡಿರುವ ಸಂಭವವಿದೆ. ವಿಲೋಮ ಪರಿವರ್ತನೆಯಿಂದ ಹೆಸರು ಮರಳಿ ದೊರೆಯಬಹುದು.

5. ಬೈಟುಗಳೆಲ್ಲ 63 ಆಗಿದ್ದರೆ ಅದು ಪ್ರಶ್ನಾರ್ಥಕ ಚಿಹ್ನೆಯ ಸಂಖ್ಯೆ. ಮೂಲ ಅಕ್ಷರ ಅಳಿದುಹೋಗಿದೆ. ಯಾವ ಪರಿವರ್ತನೆಯೂ ಅದನ್ನು ಹಿಂದಿರುಗಿಸಲಾರದು.

ಹೊಸ ಸಂಗ್ರಹವನ್ನು ಆರಂಭಿಸುವವರು ಮೈಎಸ್‌ಕ್ಯೂಎಲ್‌ನಲ್ಲಿ ‘ಯುಟಿಎಫ್8ಎಂಬಿ4’ ಎಂಬ ಪದ್ಧತಿಯನ್ನು ಅಂಕಣಕ್ಕೂ ಸಂಪರ್ಕಕ್ಕೂ ಗೊತ್ತುಪಡಿಸುವುದು ಉತ್ತಮ. ಅಂಕಣದ ಅಳತೆಯನ್ನು ಬೈಟುಗಳಲ್ಲಿ ಎಣಿಸುವ ಡೇಟಾಬೇಸುಗಳಲ್ಲಿ ಕನ್ನಡಕ್ಕೆ ಮೂರರಷ್ಟು ಸ್ಥಳವನ್ನು ಬಿಡಬೇಕು. ‘ಶ್ರೀನಿವಾಸಮೂರ್ತಿ’ ಎಂಬ ಹೆಸರಿಗೆ 45 ಬೈಟು ಬೇಕು. 30 ಬೈಟಿನ ಅಂಕಣದಲ್ಲಿ ಅದು ಹಿಡಿಸುವುದಿಲ್ಲ.

ಪಟ್ಟಿಯನ್ನು ಗಣಕಯಂತ್ರಕ್ಕೆ ಏರಿಸಿದ ಮೇಲೆ ಹಳೆಯ ಕೈಬರಹದ ದಾಖಲೆ ಪುಸ್ತಕವನ್ನು ವಿಲೇವಾರಿ ಮಾಡಬಾರದು. ಅಕ್ಷರಗಳೆಲ್ಲ 63 ಆಗಿಹೋದ ದಿನ, ಸದಸ್ಯನ ಹೆಸರನ್ನು ಮತ್ತೆ ಸರಿಯಾಗಿ ಬರೆಯಲು ಆ ಪುಸ್ತಕವೊಂದೇ ಆಧಾರವಾಗಬಹುದು.